ಹಿತ್ತಲ ಕಸದೊಳಗಿನ ತತ್ತಿ

ಈ ಸಲ ಮಳೆ ಬಿಡಲೇ ಇಲ್ಲ, ಅದಕ್ಕೇ ಹಿತ್ತಲ ಕಸ ತೆಗೆಯಲಾಗಲಿಲ್ಲ ಎಂದು ಮೊದಲು ಬರೆದೆ. ಆಮೇಲೆ ಹೊಡೆದುಹಾಕಿದೆ. ಮಳೆ ನಡುನಡುವೆ ಬಿಟ್ಟಿತ್ತು, ನಾನು ಏಳಲಿಲ್ಲ. ಕಸ ಎದೆಯ ಮಟ್ಟಕ್ಕೆ ಬೆಳೆಯಿತು.

ಆ ದಿನಗಳಲ್ಲಿ ಪಕ್ಕದ ಮನೆಯ ಅತ್ತೆ ಸೊಸೆಯನ್ನು ಬೈಯುವುದು ಗೋಡೆಯಾಚೆಯಿಂದ ಕೇಳುತ್ತಿತ್ತು.

"ಕೋಳಿ ತತ್ತಿ ಇಡೂದು ಬಿಟ್ಟಾವಂತ! ತವರಮನಿಗೆ, ತಿಕೋಂಡಿಗೆ, ನಿಮ್ಮವ್ವಗ ಕಳಸಾಕತ್ತೀ ಏನು?"

"ಇಲ್ರೀ ಅತ್ತಿ, ನಿಮ್ಮಾಣಿ."

ಕೊನೆಗೊಂದು ಮುಂಜಾನೆ ಕುಡಗೋಲು ಹಿಡಿದು ಕೊಯ್ಯಲು ಕೂತೆ. ಗೋಡೆಯ ಬುಡದಲ್ಲಿ, ಒದ್ದೆ ಹುಲ್ಲಿನ ಗುಳಿಯಲ್ಲಿ, ತತ್ತಿಗಳ ರಾಶಿ ಇತ್ತು. ಮತ್ತೆ ಕಸ ಮುಚ್ಚಿ ಎದ್ದುಬಿಡೋಣ ಅನಿಸಿತು. ಎಷ್ಟು ಹೊತ್ತು ಹಾಗೆ ಅನಿಸಿತೋ ಗೊತ್ತಿಲ್ಲ. ಇಂಥಲ್ಲಿ ನನ್ನ ನೆನಪು ನನ್ನ ಪರವಾಗಿಯೇ ಮಾತಾಡುತ್ತದೆ.

ಬುಟ್ಟಿಯಲ್ಲಿ ತುಂಬಿಕೊಂಡು ಅವರ ಮನೆಗೆ ಹೋದೆ. ಅತ್ತೆ ನೋಡಿ ಜೋರಾಗಿ ನಕ್ಕರು. "ನಮ್ಮ ಕೋಳಿ ನಿಮ್ಮ ಹಿತ್ತಲನ್ನ ಅಡವಿ ಅಂತ ತಿಳಕೊಂಡಾವ್ರಿ!"

ನಾನೂ ನಕ್ಕೆ. ಸೊಸೆ ನಗಲಿಲ್ಲ. ಒಂದು ತತ್ತಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದಳು. ಒಳಗೆ ನೀರಿನ ಸದ್ದಾಯಿತು.

"ಕೆಟ್ಟಾವ್ರಿ. ಭಾಳ ದಿನದವು ಅದಾವು," ಎಂದಳು.

ಅತ್ತೆಯ ಕಡೆ ನೋಡುತ್ತ ಹೇಳಿದಳು ಎಂದು ಬರೆಯಬಹುದಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು.