ನಿಮ್ಮ ಕಿವಿಗೆ ಬಿದ್ದ ದನಿ ನನ್ನದು

ಮಹಾದೇವಿಯವರೇ, ಅವತ್ತು ಸ್ಕ್ಯಾನಿಂಗ್ ಯಂತ್ರದೊಳಗೆ ನಿಮಗೆ ಕೇಳಿಸಿದ ಗಂಡಸಿನ ದನಿ ನಿಮ್ಮ ಕಾಯಿಲೆಯದಲ್ಲ. ನನ್ನದು.

ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷಗಳಾಗಿದ್ದವು. ಇಂದಿರಾನಗರದ ಆ ಸ್ಕ್ಯಾನಿಂಗ್ ಸೆಂಟರಿನಲ್ಲಿ ನಾನು ಟೆಕ್ನಿಷಿಯನ್. ಇಲ್ಲದ ದನಿಗಳು ಕೇಳಿಸುವ ಸ್ಕಿಜೋಫ್ರೇನಿಯಾ ಕಾಯಿಲೆ ಇರುವವರ ಮೆದುಳು ಶಬ್ದವನ್ನು ಹೇಗೆ ಗ್ರಹಿಸುತ್ತದೆ ಎಂದು ಡಾಕ್ಟರಮ್ಮ ಅಧ್ಯಯನ ನಡೆಸುತ್ತಿದ್ದರು. ಒಳಗೆ ಮಲಗಿದವರ ಕಿವಿಗೆ ಹೆಡ್‌ಫೋನಿನಲ್ಲಿ ಬೀಪ್ ಸದ್ದು ಕೇಳಿಸುವುದು, ಆಗ ಮೆದುಳಿನ ಚಿತ್ರ ತೆಗೆಯುವುದು — ಇಷ್ಟೇ ಕೆಲಸ. ನಡುವೆ ಯಾರೂ ಮಾತಾಡಕೂಡದು.

ಕಲಬುರಗಿ ಕಡೆಯಿಂದ ಬಂದವರು ನೀವು. ಲಿಂಗರಾಜಪುರದಲ್ಲಿ ಒಂದು ಬಾಡಿಗೆ ಕೋಣೆ, ಗಾರೆ ಕೆಲಸದ ಗಂಡ ಶರಣಪ್ಪ. ‘ಸಾಯಿ’ ಎಂದು ಗದರುತ್ತಿದ್ದ ದನಿ ಎಂಟು ತಿಂಗಳಿಂದ ಕೇಳಿಸಿಲ್ಲವೆಂದು ನಗುತ್ತಾ ಹೇಳಿದ್ದಿರಿ. ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದ ಮಗಳನ್ನು ಮುಂದಿನ ತಿಂಗಳು ಕರೆತರುವುದೆಂದು ನಿಶ್ಚಯವಾಗಿತ್ತು.

ಯಂತ್ರದೊಳಗೆ ನೀವು ಪದೇ ಪದೇ ತಲೆ ಅಲುಗಿಸಿದಿರಿ. ಎರಡು ಸಲ ಚಿತ್ರ ಕೆಟ್ಟಿತು. ನನಗೆ ಊಟವಾಗಿರಲಿಲ್ಲ — ಇರಲಿ, ಅದು ಕಾರಣವಲ್ಲ. ಮೈಕಿನ ಗುಂಡಿ ಒತ್ತಿದೆ.

“ಏಯ್, ಹೆಣದ ಥರ ಬಿದ್ಕೊಳ್ಳೇ ಸುಮ್ನೆ!”

ಆಮೇಲೆ ನೀವು ಒಮ್ಮೆಯೂ ಅಲ್ಲಾಡಲಿಲ್ಲ. ಚಿತ್ರಗಳು ಬಹಳ ಚೆನ್ನಾಗಿ ಬಂದವು.

ಹೊರಗೆ ಬಂದಾಗ ನಿಮ್ಮ ಮುಖ ಬಿಳಿಚಿತ್ತು. ಡಾಕ್ಟರಮ್ಮ ಆಗಷ್ಟೇ ಬಂದು ನಿಂತಿದ್ದರು. ನೀವು ನನ್ನತ್ತ ತಿರುಗಿದಿರಿ.

“ಅಣ್ಣಾ, ಒಳಗ ಯಾರೋ ಬೈದ್ರಲ್ರೀ... ನೀವೇ ಏನ್ರೀ?”

ಎಷ್ಟು ಆಸೆಯಿಂದ ಕೇಳಿದಿರಿ — ನಾನೇ ಆಗಿರಲಿ ಎಂಬ ಆಸೆ. ನನಗೋ, ಕೆಲಸ ಹೋದರೆ ಎಂಬ ಭಯ.

“ಇಲ್ಲಮ್ಮಾ, ಯಾರೂ ಮಾತಾಡಿಲ್ಲ” ಎಂದೆ.

ದನಿ ಮರಳಿದೆ ಎಂದು ಡಾಕ್ಟರಮ್ಮ ಬರೆದುಕೊಂಡರು. ಮಾತ್ರೆ ಹೆಚ್ಚಿಸಿದರು. ಶರಣಪ್ಪ ಗೋಡೆಗೆ ಒರಗಿ, “ಹಂಗಾರ ಕೂಸಿಗಿ ಈಗ ಕರ್ಕೊಂಡ್ ಬರೋದು ಬ್ಯಾಡ್ರಿ” ಎಂದರು.

ತಿಂಗಳ ನಂತರ ತಪಾಸಣೆಗೆ ಬಂದಿರಿ. ಹೆಚ್ಚಿಸಿದ ಮಾತ್ರೆಯಿಂದ ಮಾತು ತೊದಲುತ್ತಿತ್ತು. ಬೆಂಚಿನ ಮುಂದೆ ಹಾದು ಹೋಗುತ್ತಿದ್ದ ನನ್ನನ್ನು ನೋಡಿ, “ಅಣ್ಣಾ, ಆರಾಮಿದ್ದೀರೇನ್ರೀ?” ಎಂದು ಕೇಳಿದಿರಿ. ಆಗಲಾದರೂ ಹೇಳಬಹುದಿತ್ತು — ಡಾಕ್ಟರಮ್ಮನ ಬಾಗಿಲು ನಾಲ್ಕು ಹೆಜ್ಜೆ ದೂರದಲ್ಲಿತ್ತು. ತಲೆಯಾಡಿಸಿ ಒಳಗೆ ಹೋದೆ.

ಮತ್ತೆ ನೀವು ಬರಲಿಲ್ಲ. ಆಮೇಲೆ ಯಾರಾದರೂ ಯಂತ್ರದೊಳಗೆ ತೀರಾ ಅಲುಗದೆ ಮಲಗಿದರೆ ನನಗೆ ಹೆದರಿಕೆಯಾಗುತ್ತಿತ್ತು. ನಡುವೆಯೇ ನಿಲ್ಲಿಸಿ, ಹೊರಗೆಳೆದು, ಮುಖ ನೋಡುತ್ತಿದ್ದೆ.

ಇಷ್ಟು ವರ್ಷಗಳ ಮೇಲೆ, ಹೋದ ವಾರ ಡಾಕ್ಟರಮ್ಮನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. “ಆಕೆಗೆ ಸರಿಯಾಗೇ ಕೇಳ್ಸಿತ್ತು. ನಾನು ಅದನ್ನ ಕಾಯಿಲೆ ಅಂತ ಬರೆದ್ಬಿಟ್ಟೆ” ಎಂದರು. ನನ್ನನ್ನು ಬೈಯಲಿಲ್ಲ.

ಲಿಂಗರಾಜಪುರದ ಮನೆ ಮಾಲೀಕರಿಂದ ನಿಮ್ಮ ಊರಿನ ಹೆಸರು ಸಿಕ್ಕಿದೆ. ನಾಳೆ ಹೊರಡುತ್ತೇನೆ. ನೀವು ಇದ್ದರೆ, ನನ್ನ ತುಟಿಗಳು ನಿಮಗೆ ಕಾಣುವಂತೆ ಎದುರು ನಿಂತು ಹೇಳುತ್ತೇನೆ. ಇಲ್ಲದಿದ್ದರೆ — ನಿಮ್ಮ ಮಗಳಿಗೆ.