ಅತ್ತಿಗೆ ಎಣಿಸಿದ ಕೆಂಪು ಗೆರೆಗಳು

ನನ್ನ ಗಂಡನ ಅಕ್ಕ ಬಟ್ಟೆ ಗಿರಣಿಯಲ್ಲಿ ಮೂವತ್ತೊಂದು ವರ್ಷ ತಪ್ಪು ಹುಡುಕುವ ಕೆಲಸ ಮಾಡಿದರು. ಹೀಗೆಂದರೆ ಜನ ನಗುತ್ತಾರೆ, ಅತ್ತಿಗೆಯರೆಲ್ಲ ಮನೆಯಲ್ಲಿ ಮಾಡುವುದೇ ಅದನ್ನಲ್ಲವೆ ಎಂದು. ಇವರಿಗೆ ಅದಕ್ಕೆ ಸಂಬಳವೂ ಬರುತ್ತಿತ್ತು.

ನೇಯ್ದ ಬಟ್ಟೆಯ ಥಾನುಗಳು, ಅಂದರೆ ದೊಡ್ಡ ದೊಡ್ಡ ಸುರುಳಿಗಳು, ಮಗ್ಗಗಳಿದ್ದ ಕಡೆಯಿಂದ ತಳ್ಳುಗಾಡಿಯಲ್ಲಿ ಅವರ ಕೋಣೆಗೆ ಬರುತ್ತಿದ್ದವು. ಅಲ್ಲಿ ಗಾಜಿನ ಹಲಗೆಯ ಉದ್ದ ಮೇಜು, ಗಾಜಿನ ಕೆಳಗೆ ಟ್ಯೂಬ್‌ಲೈಟು. ಬಟ್ಟೆಯನ್ನು ಅದರ ಮೇಲೆ ಎಳೆಯುತ್ತಾ ಕಣ್ಣಿಟ್ಟು ನೋಡಬೇಕು. ಎಳೆ ತಪ್ಪಿದ್ದರೆ, ಗಂಟು ಬಿದ್ದಿದ್ದರೆ, ಎಣ್ಣೆಯ ಕಲೆ ಕಂಡರೆ ಅಲ್ಲೊಂದು ನೀಲಿ ಸೀಮೆಸುಣ್ಣದ ಗೆರೆ. ಒಂದು ಥಾನಿನಲ್ಲಿ ಹತ್ತು ಗೆರೆ ದಾಟಿದರೆ ಅದು ಎರಡನೇ ದರ್ಜೆ, ಬೇರೆ ಗಾಡಿಗೆ ಹೋಗಬೇಕು. ನೇಯುವವರು ಅವರಿಗೆ ‘ಚಾಕ್‌ಪೀಸ್ ಅಕ್ಕ’ ಎಂದು ಹೆಸರಿಟ್ಟಿದ್ದರು. ಊಟದ ಹೊತ್ತಿಗೆ ಅವರು ಡಬ್ಬಿ ಹಿಡಿದು ಬಂದರೆ ಸಾಕು, ಯಾರಾದರೊಬ್ಬರು ಶುರು ಮಾಡುತ್ತಿದ್ದರು.

“ಅಕ್ಕ ಬಂದ್ರು, ಅಂಗಿ ಮುಚ್ಕೊಳ್ರೋ! ತೋಳಲ್ಲಿ ಗಂಟು ಸಿಕ್ಕೀತು.”

“ನಿನ್ನ ಅಂಗೀಲಿ ಯಾಕಪ್ಪ ಹುಡುಕ್ಲಿ? ನಿನ್ನ ಮಗ್ಗದಲ್ಲೇ ಹೊಟ್ಟೆ ತುಂಬ ಸಿಗ್ತವೆ,” ಎಂದು ಅತ್ತಿಗೆ ತಮ್ಮ ಪಾಡಿಗೆ ಡಬ್ಬಿ ಬಿಚ್ಚುತ್ತಿದ್ದರು.

ಅವರದ್ದೊಂದು ಪದ್ಧತಿ ಇತ್ತು. ಥಾನಿನ ಮೊದಲ ಎರಡು ಗಜವನ್ನು ಅವರು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. “ಅದು ಮುಖ ತೊಳ್ಕೊಂಡು ಬಂದಿರುತ್ತೆ. ನಡುವೆ ಬಿಚ್ಚಿ ನೋಡ್ಬೇಕು,” ಎನ್ನುತ್ತಿದ್ದರು. ಈರುಳ್ಳಿ ಮೂಟೆಯಾಗಲಿ, ಹಾಸಿಗೆಯ ಹತ್ತಿಯಾಗಲಿ, ನಡುವೆ ಕೈ ಹಾಕಿಯೇ ಕೊಳ್ಳುವುದು. ನನ್ನ ಮದುವೆಯ ಮಾತು ನಡೆದಾಗ ನಮ್ಮ ಮನೆಗೆ ಬಂದವರು ಮುಂದಿನ ಕೋಣೆಯಲ್ಲಿ ಕೂರಲೇ ಇಲ್ಲ. ನೆಟ್ಟಗೆ ಹಿತ್ತಲಿಗೆ ಹೋಗಿ ಪಾತ್ರೆ ತೊಳೆಯುವ ಜಾಗ ನೋಡಿ ಬಂದು, “ಆಗಬಹುದು,” ಎಂದಿದ್ದರು. ಸ್ವತಃ ಅವರು ಮದುವೆಯಾಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ, “ನಡುವೆ ಬಿಚ್ಚಿ ನೋಡೋಕೆ ಯಾವ ಗಂಡೂ ಒಪ್ಪಲಿಲ್ಲ,” ಎನ್ನುತ್ತಿದ್ದರು. ನಮ್ಮ ಜೊತೆಯಲ್ಲೇ ಇದ್ದರು, ಕೊನೆಯವರೆಗೂ.

ನಾನು ಓದಿದ್ದು ಮೂರನೇ ಕ್ಲಾಸು. ತಮ್ಮಂದಿರನ್ನು ನೋಡಿಕೊಳ್ಳಲು ಜನ ಬೇಕಿತ್ತು, ನನ್ನನ್ನು ಬಿಡಿಸಿದರು. ಓದು ಮರೆತಿರಲಿಲ್ಲ, ಆದರೆ ಬಲು ನಿಧಾನ. ಬಸ್ಸಿನ ಹಲಗೆಯ ಮೇಲಿನ ಹೆಸರನ್ನು ಕೂಡಿಸಿ ಓದುವಷ್ಟರಲ್ಲಿ ಬಸ್ಸು ಮೂಲೆ ತಿರುಗಿರುತ್ತಿತ್ತು. ಎಷ್ಟು ಬಸ್ಸುಗಳು ಹಾಗೆ ಹೋದವೋ! ನನ್ನ ಮಗಳಿಗೆ ಐದು ತುಂಬಿ ಆರಕ್ಕೆ ಬಿದ್ದಾಗ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಇವಳಿಗೆ ಓದು ಬರಬೇಕು, ಕಣ್ಣು ಬಿದ್ದ ಕೂಡಲೇ ಓದುವ ಹಾಗೆ ಬರಬೇಕು. ಅವಳನ್ನು ನಾವು ಗುಬ್ಬಿ ಎಂದೇ ಕರೆಯುತ್ತಿದ್ದೆವು.

ನಮ್ಮ ಬೀದಿಯ ಕೊನೆಯಲ್ಲೇ ಸರ್ಕಾರಿ ಪ್ರಾಥಮಿಕ ಶಾಲೆ. ಎರಡು ಬೀದಿ ಆಚೆ ಫೀಸು ಕಟ್ಟುವ ಶಾಲೆ, ಮೂರು ಮಹಡಿ, ಕಬ್ಬಿಣದ ಗೇಟು, ಮಕ್ಕಳ ಕುತ್ತಿಗೆಗೆ ಟೈ. ಕೆಳಗಿನ ಮನೆಯ ಟೈಲರಮ್ಮ ಆ ಟೈಗಳನ್ನು ಹೊಲಿಯುತ್ತಿದ್ದಳು, ಹಾಗಾಗಿ ಆ ಶಾಲೆಯನ್ನು ಬಾಯ್ತುಂಬ ಹೊಗಳುತ್ತಿದ್ದಳು. ನನಗೂ ಮನಸ್ಸು ಅತ್ತಲೇ. ನನ್ನ ಗಂಡ ಲೇತ್ ಮೆಷಿನ್ ನಡೆಸುತ್ತಿದ್ದವರು, ಮಾತು ಕಮ್ಮಿ. “ಅಕ್ಕನ ಕಣ್ಣು ತಪ್ಪಿಸ್ಕೊಳ್ಳೋ ತಪ್ಪು ಇನ್ನೂ ಹುಟ್ಟಿಲ್ಲ. ಎರಡೂ ಕಡೆ ಅವಳೇ ಹೋಗಿ ನೋಡ್ಲಿ,” ಎಂದು ಕೈತೊಳೆದುಕೊಂಡರು.

ಅತ್ತಿಗೆ ವಾರದ ರಜೆಯ ದಿನ ಹೊರಟರು. ಗಿರಣಿಗೆ ಆ ದಿನ ರಜೆ, ಶಾಲೆಗೆ ಇರುತ್ತಿರಲಿಲ್ಲ. ನಾನೂ ಜೊತೆಗೆ ಹೋದೆ.

ಮೊದಲು ಸರ್ಕಾರಿ ಶಾಲೆ. ಸಾಲಾಗಿ ಆರು ಕೋಣೆ, ಮುಂದೆ ಜಗುಲಿ, ಗೋಡೆಗೆ ಸೊಂಟದೆತ್ತರ ಹಸಿರು ಬಣ್ಣ. ಅತ್ತಿಗೆ ನಲ್ಲಿ ತಿರುಗಿಸಿ ನೀರು ಹರಿಯಲು ಬಿಟ್ಟು ನೋಡಿದರು. ಹೇಳದೆ ಕೇಳದೆ ಶೌಚಾಲಯಕ್ಕೆ ಹೋಗಿ ಬಂದರು. ಬೆಂಚಿನ ಅಡಿಯಲ್ಲಿ ಬೆರಳಾಡಿಸಿದರು. ಸೊಂಟದಲ್ಲಿ ಬೀಗದಕೈ ಗೊಂಚಲು ನೇತಾಡಿಸಿಕೊಂಡಿದ್ದ ಹೆಡ್‌ಮಾಸ್ಟರು, ಇವರು ಯಾರೋ ಮೇಲಿನವರೇ ಇರಬೇಕು ಎಂದು ಹಿಂದೆ ಹಿಂದೆಯೇ ಬಂದರು. ಎರಡನೇ ಕ್ಲಾಸಿನ ನೋಟ್‌ಬುಕ್ಕುಗಳ ಕಟ್ಟು ತರಿಸಿ, ಮೇಲಿನದ್ದನ್ನು ತೆಗೆದು ಕೊಟ್ಟರು.

“ಇದು ಬೇಡ ಸಾರ್,” ಎಂದು ಅತ್ತಿಗೆ ಕಟ್ಟಿನ ನಡುವಿನಿಂದ ಒಂದನ್ನು ಎಳೆದರು. ಲೆಕ್ಕದ ಪುಸ್ತಕ. ಅದನ್ನೂ ನಡುವೆ ಬಿಚ್ಚಿ ಪುಟ ತಿರುವುತ್ತಾ ತುಟಿಯಲ್ಲೇ ಎಣಿಸತೊಡಗಿದರು. ಎಲ್ಲಿ ನೋಡಿದರೂ ಕೆಂಪು ಗೆರೆ. ನನಗೇ ನಾಚಿಕೆಯಾಯಿತು.

ಎರಡನೇ ಕ್ಲಾಸಿನ ಟೀಚರು ಬಾಗಿಲಲ್ಲಿ ನಿಂತಿದ್ದರು. ನೆಗಡಿಯಾಗಿತ್ತು, ಕರವಸ್ತ್ರವನ್ನು ತೋಳಿನೊಳಗೆ ಸಿಕ್ಕಿಸಿಕೊಂಡಿದ್ದರು.

“ನಲವತ್ಮೂರು!” ಎಂದರು ಅತ್ತಿಗೆ.

“ನಲವತ್ನಾಲ್ಕಿರ್ಬೇಕಲ್ಲ. ಹೊಲಿಗೆ ಹತ್ರ ಒಂದಿದೆ, ಬಿಡಿಸಿ ನೋಡಿ,” ಎಂದು ಟೀಚರು ನಕ್ಕರು.

ಬಿಡಿಸಿ ನೋಡಿದರೆ ಹೌದು, ಇತ್ತು. ಅತ್ತಿಗೆಯ ಕಣ್ಣಿಗೆ ಒಂದು ತಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು.

“ಇಷ್ಟು ತಪ್ಪು ಇಟ್ಕೊಂಡು ನಗ್ತೀರಲ್ಲ ಟೀಚರಮ್ಮ?”

“ಮಕ್ಕಳು ತಪ್ಪು ಮಾಡ್ತವೆ, ನಾನು ನೋಡ್ತೀನಿ. ಅಷ್ಟೇ ಅಲ್ವೇನಮ್ಮ ನಮ್ಮ ಕೆಲಸ?”

“ನಮ್ಮಲ್ಲಿ ಹತ್ತು ದಾಟಿದ್ರೆ ಎರಡನೇ ದರ್ಜೆ,” ಎಂದು ಅತ್ತಿಗೆ ಪುಸ್ತಕ ಮುಚ್ಚಿ ಕೊಟ್ಟುಬಿಟ್ಟರು. ಟೀಚರು ಅದನ್ನು ಮತ್ತೆ ಕಟ್ಟಿಗೆ ಸೇರಿಸಿದರು. ಮುಖ ಮಾತ್ರ ಸಣ್ಣದಾಯಿತು.

ಫೀಸಿನ ಶಾಲೆಯಲ್ಲಿ ನೆಲ ಕನ್ನಡಿಯಂತಿತ್ತು. ನೋಟ್‌ಬುಕ್ಕಿಗೆ ಪ್ಲಾಸ್ಟಿಕ್ ಹೊದಿಕೆ. ಅಲ್ಲೂ ಅತ್ತಿಗೆ ನಡುವಿನಿಂದಲೇ ಎಳೆದರು, ಒಂದಲ್ಲ, ನಾಲ್ಕು. ಮುತ್ತು ಪೋಣಿಸಿದಂಥ ಅಕ್ಷರ. ಕೆಂಪು ಗೆರೆ ಒಂದೂ ಇಲ್ಲ, ಪುಟಕ್ಕೊಂದು ನಕ್ಷತ್ರ. ಅತ್ತಿಗೆ ಒಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೂ ನೋಡಿದರು, ಉಜ್ಜಿ ಅಳಿಸಿದ ಗುರುತಿದೆಯೋ ಎಂದು. ಅದೂ ಇಲ್ಲ.

“ಮೂವತ್ತು ವರ್ಷಕ್ಕೆ ಇಂಥ ಥಾನು ಕಂಡಿಲ್ಲ ಕಣೆ,” ಎಂದರು ದಾರಿಯಲ್ಲಿ. ಗುಬ್ಬಿಗೆ ಟೈ ಬಂತು. ನಾನು ಖುಷಿಯಲ್ಲಿ ಟೈಲರಮ್ಮನ ಹತ್ತಿರ ಎರಡು ಹೊಲಿಸಿದೆ.

ಒಂದು ವರ್ಷ ಸುಖವಾಗಿ ಕಳೆಯಿತು. ಗುಬ್ಬಿಯ ಪುಸ್ತಕದಲ್ಲೂ ನಕ್ಷತ್ರಗಳೇ ನಕ್ಷತ್ರಗಳು. ಅತ್ತಿಗೆ ಸಂಜೆ ಬಂದವರೇ ಕೈ ಒರೆಸಿಕೊಂಡು ಪುಸ್ತಕ ತಿರುವಿ, “ನಮ್ಮ ಹುಡುಗೀದು ಒಂದನೇ ದರ್ಜೆ,” ಎಂದು ತಮ್ಮನಿಗೆ ಕೇಳುವಂತೆ ಹೇಳುತ್ತಿದ್ದರು.

ಎರಡನೇ ಕ್ಲಾಸು ಶುರುವಾಗಿ ತಿಂಗಳಾಗಿತ್ತು. ಅತ್ತಿಗೆಗೆ ಜ್ವರ ಬಂದು ಮಲಗಿದ್ದರು. ಗುಬ್ಬಿ ಪಕ್ಕದಲ್ಲಿ ಕೂತು ಪಾಠದ ಪುಸ್ತಕ ಓದಿ ಹೇಳುತ್ತಿದ್ದಳು. ನಾನು ಅಲ್ಲೇ ಬಟ್ಟೆ ಮಡಿಸುತ್ತಿದ್ದೆ. “ಇದು ಮನೆ. ಮನೆಯ ಮುಂದೆ ಮರ. ಮರದ ಮೇಲೆ ಹಕ್ಕಿ.” ಗಿಳಿಯ ಹಾಗೆ ಓದುತ್ತಿದ್ದಳು. ಹಾಳೆ ಗಾಳಿಗೆ ಏಳುತ್ತಿತ್ತು. ಅತ್ತಿಗೆ ಮಲಗಿದಲ್ಲಿಂದಲೇ ಕೈ ಚಾಚಿ, ಮೇಜಿನ ಮೇಲೆ ಬಟ್ಟೆ ಹಿಡಿಯುವ ಅಭ್ಯಾಸದಿಂದ, ಹೆಬ್ಬೆರಳನ್ನು ಹಾಳೆಯ ಮೇಲೆ ಒತ್ತಿದರು. ಓದು ನಿಂತಿತು.

“ಯಾಕೆ ಮರಿ, ನಿಲ್ಲಿಸ್ದೆ?”

“ಅತ್ತೆ, ಬೆರಳು ತೆಗಿ. ಕಾಣಲ್ಲ.”

“ಅಕ್ಷರ ಕಾಣುತ್ತಲ್ಲೇ.”

“ಹಕ್ಕಿ ಕಾಣಲ್ಲ.”

ನಾನು ಮಡಿಸುತ್ತಿದ್ದ ಬಟ್ಟೆ ಕೆಳಗಿಟ್ಟೆ. ಅತ್ತಿಗೆ ಎದ್ದು ಕೂತರು. ಚೀಲದಿಂದ ಸೀಮೆಸುಣ್ಣ ತೆಗೆದು ನೆಲದ ಮೇಲೆ ‘ಮರ’ ಎಂದು ಬರೆದರು. ಗುಬ್ಬಿ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ನೆಲ ನೋಡಿದಳು. ಪುಸ್ತಕದ ಚಿತ್ರ ತೋರಿಸಿದರೆ ಇಡೀ ಪಾಠ ಬರುತ್ತಿತ್ತು. ಚಿತ್ರವಿಲ್ಲದೆ ಆ ಎರಡು ಅಕ್ಷರ ಬರಲಿಲ್ಲ.

“ನೋಟ್‌ಬುಕ್ಕಲ್ಲಿ ಇಷ್ಟು ಚೆಂದ ಬರ್ದಿದೀಯಲ್ಲ, ಹೇಗೆ?”

“ಬೋರ್ಡ್ ನೋಡಿ. ತಪ್ಪಾದ್ರೆ ಮಿಸ್ ಆ ಹಾಳೆ ಹರಿದು ಹೊಸದ್ರಲ್ಲಿ ಬರೆಸ್ತಾರೆ.”

ಅತ್ತಿಗೆ ನೋಟ್‌ಬುಕ್ಕನ್ನು ತೆಗೆದುಕೊಂಡು ಅಕ್ಷರದ ಕಡೆ ನೋಡಲೇ ಇಲ್ಲ, ಹೊಲಿಗೆ ನೋಡಿದರು. ಸಡಿಲವಾಗಿತ್ತು. ಹಾಳೆ ಎಣಿಸಿದರು. ರಟ್ಟಿನ ಮೇಲೆ ಅಚ್ಚಾಗಿದ್ದಕ್ಕಿಂತ ಇಪ್ಪತ್ತೆರಡು ಕಮ್ಮಿ.

ಅವರ ಮುಖ ನೋಡಲಾಗುತ್ತಿರಲಿಲ್ಲ. ಗಿರಣಿಯಲ್ಲಿ ಒಬ್ಬೊಬ್ಬರು ತಪ್ಪು ಬಿದ್ದ ತುಂಡನ್ನೇ ಕತ್ತರಿಸಿ ಎಸೆದು, ತುದಿಗೆ ತುದಿ ಕೂಡಿಸಿ ಥಾನು ಸುತ್ತಿ ಕಳಿಸುತ್ತಿದ್ದರಂತೆ. ಅದನ್ನು ಹಿಡಿಯುವುದರಲ್ಲಿ ಅತ್ತಿಗೆಯದು ಎತ್ತಿದ ಕೈ. ಇಲ್ಲಿ ಅವರ ಮೂಗಿನ ಕೆಳಗೇ ಒಂದು ವರ್ಷ ನಡೆದಿತ್ತು.

“ಆ ಸರ್ಕಾರಿ ಶಾಲೆ ಟೀಚರಮ್ಮ ಹಾಕಿದ್ರಲ್ಲ ಕೆಂಪು ಗೆರೆ,” ಎಂದರು ನೋಟ್‌ಬುಕ್ಕನ್ನು ಮುಚ್ಚುತ್ತಾ. “ಅವು ನನ್ನ ಸೀಮೆಸುಣ್ಣದ ಗೆರೆ ಇದ್ದ ಹಾಗೆ ಕಣೆ. ನನ್ನ ಕೆಲಸಾನೇ ಆಕೆ ಮಾಡಿದ್ದು. ಆಕೆ ಗೆರೆ ಎಣಿಸಿ ಆಕೆ ಮುಖಕ್ಕೇ ಎರಡನೇ ದರ್ಜೆ ಅಂದ್ಬಿಟ್ಟೆ.”

“ಬಿಡಿ ಅತ್ತಿಗೆ, ಇಷ್ಟಪಟ್ಟು ಸೇರ್ಸಿದ್ದು ನಾನೂ ತಾನೆ.”

“ನಿನಗೆ ತಪ್ಪು ಹುಡುಕೋಕೆ ಯಾರೂ ಸಂಬಳ ಕೊಡಲ್ಲ,” ಎಂದರು.

ಜ್ವರ ಬಿಟ್ಟ ಮಾರನೆಯ ದಿನ ಅರ್ಧ ದಿನ ರಜೆ ಹಾಕಿ ಸರ್ಕಾರಿ ಶಾಲೆಗೆ ಹೋದೆವು. ಅತ್ತಿಗೆ ಮತ್ತೆ ಒಂದು ಲೆಕ್ಕದ ಪುಸ್ತಕ ಕೇಳಿದರು. ಈ ಸಲ ನಡುವೆ ತೆರೆಯಲಿಲ್ಲ, ಎಣಿಸಲೂ ಇಲ್ಲ. ಮೊದಲ ಪುಟದಿಂದ ಕೊನೆಯವರೆಗೆ ಒಂದೊಂದಾಗಿ ತಿರುವಿದರು. ಯಾವುದೋ ಮಗು ಕಳೆಯುವ ಲೆಕ್ಕದಲ್ಲಿ ಪಕ್ಕದ ಅಂಕಿಯಿಂದ ಹತ್ತು ತರುವುದನ್ನು ಮರೆಯುತ್ತಿತ್ತು. ಕೆಂಪು. ಮತ್ತೆ ಮರೆತಿತ್ತು, ಮತ್ತೆ ಕೆಂಪು, ಪಕ್ಕದಲ್ಲಿ ಟೀಚರು ಪುಟ್ಟದಾಗಿ ಮಾಡಿ ತೋರಿಸಿದ ಲೆಕ್ಕ. ನಾಲ್ಕು ಪುಟ ಕಳೆದ ಮೇಲೆ ಮೂರರಲ್ಲಿ ಒಂದು ಸರಿ. ಇನ್ನೂ ಮುಂದೆ ಎಲ್ಲವೂ ಸರಿ.

“ಮುಂದೆ ಹೋಗ್ತಾ ಹೋಗ್ತಾ ತಾನೇ ಸರಿಯಾಗೋ ಥಾನು ನಾನು ಕಂಡಿರ್ಲಿಲ್ಲ ಟೀಚರಮ್ಮ,” ಎಂದರು ಅತ್ತಿಗೆ. “ಅವತ್ತು ನಡುವೆ ಬಿಚ್ಚಿದ್ದೇ ತಪ್ಪಾಯ್ತು. ಮನಸ್ಸಿಗೆ ಹಚ್ಕೋಬೇಡಿ.”

ಟೀಚರಿಗೆ ನಾವು ನೆನಪಿದ್ದೆವು. “ಹತ್ತು ದಾಟಿದ್ರೆ ಅಂದಿದ್ರಿ. ಆಮೇಲೆ ಕೆಂಪು ಪೆನ್ನು ಹಿಡಿದಾಗಲೆಲ್ಲ ನಿಮ್ಮದೇ ನೆನಪು,” ಎಂದು ನಕ್ಕರು. ಗುಬ್ಬಿಯನ್ನು ತೆಗೆದುಕೊಳ್ಳುತ್ತೀರಾ ಎಂದು ಕೇಳಿದ್ದಕ್ಕೆ, “ಬೆಳಿಗ್ಗೆ ಒಂದನೇ ಕ್ಲಾಸಿನ ಮಕ್ಕಳ ಜೊತೆ ಕೂರ್ಬೇಕು, ಮಧ್ಯಾಹ್ನ ನನ್ನ ಹತ್ರ. ಮೊದ್ಲು ಅಳ್ತಾಳೆ. ನೀವು ಅಳ್ಬೇಡಿ,” ಎಂದು ನನ್ನನ್ನು ನೋಡಿ ಹೇಳಿದರು.

ಅತ್ತಳು. ಟೈಲರಮ್ಮ, “ಏನ್ರೀ, ಟೈ ಬಿಚ್ಚಿಸಿಬಿಟ್ರಂತೆ?” ಎಂದು ಮೂಗು ಮುರಿದಳು. ಮೊದಲ ವಾರ ಬಂದ ನೋಟ್‌ಬುಕ್ಕನ್ನು ಗುಬ್ಬಿ ನೀರಿನ ಕೊಡದ ಹಿಂದೆ ಬಚ್ಚಿಟ್ಟಳು. ಹತ್ತೊಂಬತ್ತು ಕೆಂಪು. ಅತ್ತಿಗೆ ಅದನ್ನು ಹುಡುಕಿ ತೆಗೆದು, ಒಂದೊಂದು ಗೆರೆಯ ಮೇಲೂ ಬೆರಳಿಟ್ಟು ಅವಳ ಹತ್ತಿರ ಓದಿಸಿದರು. ತಮಗೂ ಅಷ್ಟೇನೂ ಓದು ಬರುತ್ತಿರಲಿಲ್ಲ. ಎಷ್ಟೋ ಸಲ ಇಬ್ಬರೂ ಒಟ್ಟಿಗೇ ತೊದಲುತ್ತಿದ್ದರು. ನಾನು ಒಲೆಯ ಹತ್ತಿರ ಕೂತು ಅವರ ಜೊತೆ ಮನಸ್ಸಿನಲ್ಲೇ ಕೂಡಿಸುತ್ತಿದ್ದೆ.

ಆ ಶಾಲೆಯಲ್ಲಿ ಎಲ್ಲವೂ ಚಿನ್ನವಾಗಿತ್ತು ಎಂದು ಹೇಳಲಾರೆ. ಮೂರನೇ ಕೋಣೆ ಸೋರುತ್ತಿತ್ತು. ನಾಲ್ಕನೇ ಕ್ಲಾಸಿನ ಮೇಷ್ಟ್ರು ಊಟವಾದ ಮೇಲೆ ತೂಕಡಿಸುತ್ತಿದ್ದರು. ಅತ್ತಿಗೆ ಅದನ್ನೂ ಬಿಡಲಿಲ್ಲ. “ಸಾರ್, ಮಧ್ಯಾಹ್ನದ ಪುಸ್ತಕಗಳಲ್ಲಿ ನಿಮ್ಮ ಗೆರೆ ಕಮ್ಮಿ,” ಎಂದು ಜಗುಲಿಯಲ್ಲೇ ಹೇಳಿಬಿಟ್ಟರು. ಒಮ್ಮೆ ಶಾಲೆಗೆ ದರ್ಜೆ ಕೊಡಲು ಇಬ್ಬರು ಅಧಿಕಾರಿಗಳು ಹಾಳೆ ಹಿಡಿದು ಬಂದರು. ಹೆಡ್‌ಮಾಸ್ಟರು ಅಭ್ಯಾಸಬಲದಿಂದ ಕಟ್ಟಿನ ಮೇಲಿನ ಪುಸ್ತಕ ತೆಗೆದರು. ಪೋಷಕರ ಕಡೆಯಿಂದ ಕೂತಿದ್ದ ಅತ್ತಿಗೆ ಗಂಟಲು ಸರಿಮಾಡಿಕೊಂಡರು. ಹೆಡ್‌ಮಾಸ್ಟರು ಅದನ್ನು ಕೆಳಗಿಟ್ಟು ಇಡೀ ಕಟ್ಟನ್ನೇ ಅಧಿಕಾರಿಗಳ ಮುಂದೆ ತಳ್ಳಿದರು.

ಗುಬ್ಬಿ ಮೂರನೇ ಕ್ಲಾಸಿನಲ್ಲಿದ್ದಾಗ ಅತ್ತಿಗೆ ನಿವೃತ್ತರಾದರು. ಗಿರಣಿಯಿಂದ ಒಂದು ಗೋಡೆ ಗಡಿಯಾರ, ಒಂದು ಪತ್ರ ಕೊಟ್ಟು ಕಳಿಸಿದ್ದರು. ಮಧ್ಯಾಹ್ನ ಬಂದವರು ಹೊಸ್ತಿಲ ಮೇಲೆ ಕೂತು ಗುಬ್ಬಿಯನ್ನು ಕರೆದು ಪತ್ರ ಕೈಗಿತ್ತರು. ತಾವು ಚೀಲ ತಡಕಿ ಕೊನೆಗೆ ಉಳಿದಿದ್ದ ನೀಲಿ ಸೀಮೆಸುಣ್ಣದ ಚೂರು ಹಿಡಿದು ಕಾದರು. ನಾನು ಕೆಲಸ ಬಿಟ್ಟು ಬಾಗಿಲಿಗೆ ಬಂದೆ. ಪತ್ರದಲ್ಲಿ ಚಿತ್ರ ಒಂದೂ ಇರಲಿಲ್ಲ. ಬರೀ ಅಕ್ಷರ, ಅದೂ ಟೈಪ್ ಮಾಡಿದ್ದು, ಒತ್ತೊತ್ತಾಗಿ.

ಗುಬ್ಬಿ ಓದಿದಳು. ಮೂರು ಕಡೆ ತಡವರಿಸಿದಳು. ಅತ್ತಿಗೆ ಮೆಟ್ಟಿಲ ಮೇಲೆ ಮೂರು ಗೆರೆ ಎಳೆದು, “ಇನ್ನೊಂದ್ಸಲ,” ಎಂದರು. ಎರಡನೇ ಸಲ ಒಂದೇ. ಮೂರನೇ ಸಲ ನೀರು ಕುಡಿದ ಹಾಗೆ ಓದಿ ಮುಗಿಸಿದಳು. ನಾನು ಆ ಪತ್ರದ ಮೊದಲ ಸಾಲು ಕೂಡಿಸುವಷ್ಟರಲ್ಲಿ ಅವಳದ್ದು ಮುಗಿದಿತ್ತು. ನಾನು ಕಣ್ಣೊರೆಸಿಕೊಂಡೆ, ಅವರಿಬ್ಬರೂ ನೋಡಲಿಲ್ಲ.

“ಕೊನೇ ಸಾಲು ಮತ್ತೆ ಓದು ಮರಿ,” ಎಂದರು ಅತ್ತಿಗೆ.

“‘ಮೂವತ್ತೊಂದು ವರ್ಷಗಳ ಇವರ ಸೇವೆಯಲ್ಲಿ ಒಂದೇ ಒಂದು ತಪ್ಪೂ ಕಂಡುಬಂದಿಲ್ಲ.’”

ಅತ್ತಿಗೆ ಪತ್ರವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಎದ್ದರು.

“ಹಾಗಾದ್ರೆ ಯಾರೂ ನೋಡಿಲ್ಲ,” ಎಂದರು.