ನಸೀಮಾ ಮೇಡಂ ಮತ್ತು ಐವತ್ತು ಸಾಲು

ಕಂಪ್ಯೂಟರನ್ನು "ಏನಪ್ಪಾ, ಎದ್ದೆಯಾ?" ಎಂದು ಮಾತಾಡಿಸಿ ಕೆಲಸ ಶುರು ಮಾಡುತ್ತಿದ್ದವರು ನಮ್ಮ ನಸೀಮಾ ಮೇಡಂ ಒಬ್ಬರೇ. ತೊಂಬತ್ತರ ದಶಕದಲ್ಲಿ ಕುಡುಮಲಕುಂಟೆಯ ನಮ್ಮ ಪಂಪು ಕಾರ್ಖಾನೆಗೆ ಮೊದಲ ಕಂಪ್ಯೂಟರ್ ಬಂದಾಗ ಅದರ ಜೊತೆಗೇ ಬಂದವರು. ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಮನೆಯವರು. ಗೊಣಗುವುದು ಉರ್ದುವಿನಲ್ಲಿ, ತಮಾಷೆ ಮಾತ್ರ ಕನ್ನಡದಲ್ಲಿ. ನಾನು ಅಲ್ಲಿ ಮಾಲು ಕಳಿಸುವ ಗುಮಾಸ್ತ.

ಯಾವ ಪಂಪು ಯಾವ ಊರಿಗೆ ಹೋಗಬೇಕೆಂಬ ಪಟ್ಟಿ ದಿನಾ ಬೆಳಿಗ್ಗೆ ಬೆಂಗಳೂರಿನ ಆಫೀಸಿನ ಕಂಪ್ಯೂಟರಿನಿಂದ ಫೋನ್ ಲೈನಿನ ಮೇಲೆ ಬರಬೇಕು. ಒಂದು ಸಾಲು ಬಂದು ನಿಲ್ಲುತ್ತಿತ್ತು. ಆಮೇಲೆ ಇನ್ನೊಂದು. ಮುಗಿಯುವಷ್ಟರಲ್ಲಿ ಮಧ್ಯಾಹ್ನ. ಲಾರಿ ಡ್ರೈವರ್ ವೆಂಕಟರವಣಪ್ಪ ಅಷ್ಟು ಹೊತ್ತೂ ಕ್ಯಾಬಿನ್ನಿನಲ್ಲಿ ಗೊರಕೆ ಹೊಡೆಯುತ್ತಿದ್ದ. ಮ್ಯಾನೇಜರಿಗೆ ರೇಗಿಹೋಯಿತು. "ಈ ವಾರ ಸರಿಹೋಗ್ದಿದ್ರೆ ಡಬ್ಬ ವಾಪಸ್ ಕಳಿಸ್ತೀನಿ. ಮೊದಲಿನ ಹಾಗೆ ಫೋನಲ್ಲೇ ಬರ್ಕೊಳ್ಳೋಣ!"

ಡಬ್ಬ ಹೋದರೆ ಮೇಡಂ ಕೆಲಸವೂ ಹೋದಂತೆ. ಅವರು ಪ್ರೋಗ್ರಾಂ ತೆರೆದು ನೋಡಿ ಹಣೆ ಚಚ್ಚಿಕೊಂಡರು. ಅದು ಬೆಂಗಳೂರನ್ನು ಸಲಕ್ಕೆ ಒಂದೇ ಸಾಲು ಕೇಳುತ್ತಿತ್ತು. ಉತ್ತರ ಬಂದಮೇಲೆ ಮತ್ತೊಂದು. "ಊಟಕ್ಕೆ ಕೂತೋರಿಗೆ ಒಂದೊಂದೇ ಅಗುಳು ಬಡಿಸಿದ್ರೆ ಯಾವಾಗ ಏಳ್ತಾರ್ರೀ?" ಎಂದವರೇ, ಸಲಕ್ಕೆ ಐನೂರು ಸಾಲು ತರುವಂತೆ ಬದಲಾಯಿಸಿದರು.

ಕಂಪ್ಯೂಟರ್ ಉಸಿರುಗಟ್ಟಿ ನಿಂತೇ ಹೋಯಿತು. ಅದೇ ಹೊತ್ತಿಗೆ ಮ್ಯಾನೇಜರ್ ಒಳಗೆ ಬರಬೇಕೇ!

"ಹಂಡೆ ಹಂಡೆ ಸುರಿದ್ಬಿಟ್ಟೆ ಸಾರ್. ತಪ್ಪು ನಂದು, ಪಾಪ ಅದರದಲ್ಲ" ಎಂದರು ಮೇಡಂ. ಮ್ಯಾನೇಜರಿಗೂ ನಗು ತಡೆಯಲಾಗಲಿಲ್ಲ. "ನಾಳೆ ಒಂದಿನ ನೋಡಮ್ಮಾ" ಎಂದು ಹೋದರು.

ಮರುದಿನ ಮೇಡಂ ಸಾಲಿನ ಲೆಕ್ಕ ಇಳಿಸುತ್ತಾ ಬಂದರು. ಇನ್ನೂರಕ್ಕೆ ಒದ್ದಾಡಿತು, ನೂರಕ್ಕೆ ತಡವರಿಸಿತು. ಐವತ್ತಕ್ಕೆ ಇಳಿಸಿದ್ದೇ ತಡ, ಸಾಲುಗಳು ಪರದೆಯ ಮೇಲೆ ಓಡತೊಡಗಿದವು. ಟೀ ಬರುವ ಮೊದಲೇ ಪಟ್ಟಿ ನನ್ನ ಕೈಯಲ್ಲಿತ್ತು.

ಲಾರಿಯ ಬಾಗಿಲು ತಟ್ಟಿದೆ. ವೆಂಕಟರವಣಪ್ಪ ಕಣ್ಣುಜ್ಜುತ್ತಾ ಆಫೀಸಿನೊಳಗೆ ಬಂದು ಮೇಡಂ ಕಡೆ ನೋಡಿದ. "ಅಯ್ಯೋ ದೇವುಡಾ, ಆಗ್ಲೇ ಆಯ್ತಾ? ನನ್ನ ನಿದ್ದೆಗೆ ಕಲ್ಲು ಹಾಕ್ಬಿಟ್ರಲ್ಲಮ್ಮಾ!"

ಎಲ್ಲರೂ ನಕ್ಕರು. ಮೇಡಂ ನಗುತ್ತಲೇ ದುಪಟ್ಟಾದಿಂದ ಕಣ್ಣೊರೆಸಿಕೊಂಡರು. "ಮೊದಲನೇ ಕೆಲಸ ರೀ. ಹೋಯ್ತು ಅಂತ್ಲೇ ಅಂದ್ಕೊಂಡಿದ್ದೆ" ಎಂದು ನನಗಷ್ಟೇ ಕೇಳುವಂತೆ ಹೇಳಿದರು.

ಕೆಲವು ವರ್ಷಗಳ ಮೇಲೆ ಚಿಂತಾಮಣಿಯ ಕಡೆ ಪಾಠ ಹೇಳುವ ಕೆಲಸ ಸಿಕ್ಕಿ ಹೊರಟರು. ಗೇಟಿನ ಹತ್ತಿರ ನಿಂತು, "ಏನಾದ್ರೂ ಕೆಟ್ರೆ ಫೋನ್ ಮಾಡಿ, ಸಂಕೋಚ ಬೇಡ" ಎಂದರು.

ಮರುದಿನ ಬೆಳಿಗ್ಗೆ ಅವರ ಕುರ್ಚಿಯಲ್ಲಿ ನಾನೇ ಕೂತೆ. ಪಟ್ಟಿ ಸರಸರನೆ ಬಂತು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಹುಡುಕಿದೆ. ಫೋನ್ ಮಾಡುವುದಕ್ಕೆ ಒಂದೇ ಒಂದು ತಪ್ಪೂ ಸಿಗಲಿಲ್ಲ.